ಕಾಲ್ಬೆರಳಿಗೆ ಕಟ್ಟಿದ ದಾರ

ನವೆಂಬರ್ ೧೬, ಭಾನುವಾರ, ಲುಂಡ್, ಸ್ವೀಡನ್. ಮಧ್ಯಾಹ್ನ ೨ ಗಂಟೆ ೧೦ ನಿಮಿಷಕ್ಕೆ ಬರೆಯಲು ಕೂತೆ. ಕತ್ತಲಾಗಲು ಇನ್ನು ಒಂದೂಮುಕ್ಕಾಲು ಗಂಟೆ ಇದೆ. ಅಷ್ಟರೊಳಗೆ ಮುಗಿಸಬೇಕೆಂದು ಆಸೆ.

ನನ್ನ ದಿನಚರಿಯಲ್ಲಿ ಈ ವರ್ಷ ಅತಿ ಹೆಚ್ಚು ಸಲ ಬಂದಿರುವ ವ್ಯಕ್ತಿ ನನ್ನ ಗೈಡ್ ಅಲ್ಲ, ಅಮ್ಮನೂ ಅಲ್ಲ. ಊರಾಚೆಯ ಒಂದು ಪುಟ್ಟ ಮ್ಯೂಸಿಯಮ್ಮಿನಲ್ಲಿ ಒಂದೇ ಒಂದು ಕೋಣೆಯನ್ನು ಹನ್ನೊಂದು ವರ್ಷ ಕಾದ ಒಬ್ಬ ಹೆಂಗಸು. ಫೆಬ್ರವರಿಯಿಂದ ಇಲ್ಲಿಯವರೆಗೆ ಮೂವತ್ತನಾಲ್ಕು ಸಲ ಬಂದಿದ್ದಾರೆ. ಕಳೆದ ತಿಂಗಳು ನಿವೃತ್ತರಾದರು. "ಬರಿ ಬೇಕಾದರೆ, ಹೆಸರು ಮಾತ್ರ ಬೇಡ" ಎಂದಿದ್ದಾರೆ. ಹಾಗಾಗಿ ಇಲ್ಲಿ ಅವರು ಆಂಟಿ. ಮುಖಾಮುಖಿ ನಾನು ಕರೆಯುವುದೂ ಹಾಗೆಯೇ.

ಮೊದಲ ಭೇಟಿ ಫೆಬ್ರವರಿ ೯ರಂದು. ಮಣ್ಣಿನ ಮಾದರಿ ತರಲು ಹೊಲವೊಂದಕ್ಕೆ ಹೋಗಿದ್ದೆ. ನಾನು ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿರುವವಳು. ವಾಪಸ್ ಬಸ್ಸಿಗೆ ನಲವತ್ತು ನಿಮಿಷವಿತ್ತು, ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನಿಲ್ದಾಣದ ಎದುರಿಗೆ ಮ್ಯೂಸಿಯಮ್ಮಿನ ಬಾಗಿಲು ತೆರೆದಿತ್ತು, ಒಳಗೆ ಹೋದೆ. ಯಾವ ಕೋಣೆಗೆ ಹೋದರೂ ಅಲ್ಲಿರುವುದನ್ನು ಎಣಿಸುವುದು ನನ್ನ ಚಾಳಿ. ಗೋಡೆಯ ಚಿತ್ರಗಳನ್ನು ಮೆಲ್ಲನೆ ಎಣಿಸುತ್ತ ನಡೆದೆ. "ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು."

"ಇಪ್ಪತ್ತೆರಡು ಉಂಟು. ಒಂದು ಬಾಗಿಲಿನ ಹಿಂದೆ."

ಮೂಲೆಯ ಕುರ್ಚಿಯಲ್ಲಿ ಕಡುನೀಲಿ ಸ್ವೆಟರು ಹಾಕಿಕೊಂಡು, ಕೊರಳಿಗೆ ಗುರುತಿನ ಚೀಟಿ ತೂಗುಬಿಟ್ಟುಕೊಂಡು ಕೂತಿದ್ದ ಹೆಂಗಸು ನನ್ನ ಕಡೆ ನೋಡದೆಯೇ ಹೇಳಿದ ಮಾತು ಅದು. ಸ್ವೀಡನ್ನಿನ ಹಳ್ಳಿಯೊಂದರ ಮ್ಯೂಸಿಯಮ್ಮಿನಲ್ಲಿ ಯಾರೋ ಕನ್ನಡದಲ್ಲಿ ನನ್ನ ಲೆಕ್ಕ ತಿದ್ದುತ್ತಾರೆಂದು ನಾನು ಎಣಿಸಿರಲಿಲ್ಲ. ಬಾಗಿಲು ಸರಿಸಿ ನೋಡಿದೆ. ಇಪ್ಪತ್ತೆರಡನೆಯದು ಅಲ್ಲಿತ್ತು. ಅವತ್ತು ಆ ಬಸ್ಸು ತಪ್ಪಿತು, ಅದರ ಮುಂದಿನದೂ ತಪ್ಪಿತು.

ಆ ಕೋಣೆಯಲ್ಲಿರುವುದೆಲ್ಲ ಹತ್ತೊಂಬತ್ತನೆಯ ಶತಮಾನದ ಚಿತ್ರಗಳು. ರಾಜರಿಲ್ಲ, ದೇವದೂತರಿಲ್ಲ. ಆ ಕಾಲದ ಕೆಲವು ಚಿತ್ರಕಾರರು ಪಟ್ಟಣದ ಕೋಣೆ ಬಿಟ್ಟು ಹೊಲಕ್ಕೆ ಹೋಗಿ, ಕಂಡದ್ದನ್ನು ಕಂಡ ಹಾಗೆ ಬಿಡಿಸಿದರು. ಅವರಿಗೆ ಅಲ್ಲಿ ಹೆಚ್ಚಾಗಿ ಕಂಡದ್ದು ಮಕ್ಕಳು. ಹೊಲದಲ್ಲಿ ಕಲ್ಲು ಆಯುವ ಹುಡುಗರು, ಬಾತುಕೋಳಿ ಕಾಯುವ ಹುಡುಗಿ, ಆಲೂಗಡ್ಡೆ ಸುಲಿಯುವ ಅಕ್ಕತಂಗಿಯರು, ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆಹೋದವನು.

ಆಂಟಿ ಪ್ರತಿ ಬೆಳಿಗ್ಗೆ ಇವರ ಹಾಜರಿ ತೆಗೆದುಕೊಳ್ಳುತ್ತಿದ್ದರು. ದೀಪ ಹಾಕಿದ ಮೇಲೆ ಬಾಗಿಲಿನಿಂದ ಶುರುಮಾಡಿ ಗೋಡೆಯುದ್ದಕ್ಕೂ ನಡೆದು, "ಮೂವತ್ತೊಂದು, ಎಲ್ಲ ಇದ್ದಾರೆ" ಎಂದು ತಮಗೆ ತಾವೇ ಹೇಳಿ ಕುರ್ಚಿಗೆ ಬರುವರು. ಮೂವತ್ತೊಂದು ಮಕ್ಕಳಲ್ಲಿ ಬರಿಗಾಲಿನವರು ಇಪ್ಪತ್ತು ಎಂಬುದು ಅವರ ಲೆಕ್ಕ. ನಾನು ಎಣಿಸಿದಾಗ ಹತ್ತೊಂಬತ್ತೇ ಬಂತು. ಎರಡು ಸಲ ಎಣಿಸಿ ಹೇಳಿದೆ.

"ಆಂಟಿ, ಬೇಲಿ ಪಕ್ಕದಲ್ಲಿರೋ ಹುಡುಗನ ಕಾಲೇ ಕಾಣಲ್ವಲ್ಲ. ಹುಲ್ಲು ಮುಳ್ಳಿನೊಳಗಿದೆ. ಅವನನ್ನ ಹೇಗೆ ಸೇರಿಸಿದ್ರಿ?"

"ಅವನು ಎಲ್ಲಿ ನೋಡ್ತಾ ಇದ್ದಾನೆ?"

"ಕೆಳಗೆ."

"ಶೂ ಹಾಕಿದ ಮಗು ಮುಳ್ಳುಗಿಡದ ಮಧ್ಯೆ ನಡೆಯುವಾಗ ಕೆಳಗೆ ಯಾಕೆ ನೋಡ್ತದೆ ಮಾರಾಯ್ತಿ?"

ದಿನಚರಿಯಲ್ಲಿ ಹತ್ತೊಂಬತ್ತನ್ನು ಹೊಡೆದು ಇಪ್ಪತ್ತು ಮಾಡಿದೆ. ನನ್ನ ಲೆಕ್ಕವನ್ನು ಬೇರೊಬ್ಬರ ಮಾತಿನ ಮೇಲೆ ತಿದ್ದಿದ್ದು ಅದೇ ಮೊದಲು.

ಅವರ ಕನ್ನಡದ ಬಗ್ಗೆ ಒಂದು ಮಾತು. ಹುಟ್ಟಿದ್ದು ಉಡುಪಿ ಕಡೆಯ ಒಂದು ಕ್ರೈಸ್ತ ಮನೆಯಲ್ಲಿ. ಗಂಡನಿಗೆ ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಮೂವತ್ತರ ವಯಸ್ಸಿನಲ್ಲಿ ಇಲ್ಲಿಗೆ ಬಂದರು. ಬೆಂಗಳೂರಿನವಳಾದ ನನ್ನೆದುರು ಊರಿನ ಮಾತನ್ನು ಸ್ವಲ್ಪ ಒಳಗಿಟ್ಟುಕೊಂಡೇ ಮಾತಾಡುವರು. ಸಿಟ್ಟು ಬಂದಾಗ ಮಾತ್ರ "ಎಂತ" ಹೊರಗೆ ಬರುತ್ತಿತ್ತು. ಚಿತ್ರಕ್ಕೆ ಬೆನ್ನು ಕೊಟ್ಟು ತಮ್ಮ ಫೋಟೊ ತೆಗೆದುಕೊಳ್ಳುವವರನ್ನು ಕಂಡರೆ ಸಿಟ್ಟು. ಏಲಕ್ಕಿ ಬನ್ನು ಒಣಗಿದ್ದರೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಏಳನೇ ಚಿತ್ರದ ಕೆಳಗಿನ ಫಲಕ ಕಂಡರೆ ಸಿಟ್ಟು.

ಏಳನೇ ಚಿತ್ರದಲ್ಲಿ ಒಂಬತ್ತು ವರ್ಷದ ಹಾಗೆ ಕಾಣುವ ಹುಡುಗಿಯೊಬ್ಬಳು ಹೊಲದಂಚಿನ ಕಲ್ಲಿನ ಮೇಲೆ ಕೂತಿದ್ದಾಳೆ. ಒಂದು ಕೈಯಲ್ಲಿ ಕಚ್ಚಿದ ರೊಟ್ಟಿ ಇದೆ, ಇನ್ನೊಂದು ಕೈ ಕಣ್ಣಿಗೆ ನೆರಳು. ದೂರದಲ್ಲಿ ಕೊಯ್ಲು ನಡೆದಿದೆ. ಗಂಡಸರು ಕೊಯ್ಯುತ್ತಿದ್ದಾರೆ, ಹೆಂಗಸರು ಕಟ್ಟು ಕಟ್ಟುತ್ತಿದ್ದಾರೆ. ಹುಡುಗಿಯ ಬಲಗಾಲು ಮುಂದಕ್ಕೆ ಚಾಚಿದೆ. ಫಲಕದಲ್ಲಿ ಬರೆದಿದ್ದದ್ದು "ಸೋಮಾರಿ ಹುಡುಗಿ" ಎಂದು. ಬಿಡಿಸಿದವರು ಯಾರೆಂದು ಗೊತ್ತಿಲ್ಲ. ಹೆಸರು ಕೊಟ್ಟದ್ದು ಮುಂದೆ ಯಾವಾಗಲೋ ಅದನ್ನು ಹರಾಜಿಗಿಟ್ಟವರು.

ನಾನೂ ಮೊದಲ ದಿನ ಅದನ್ನು ಓದಿ ತಲೆಯಾಡಿಸಿದ್ದೆ. ಆಂಟಿ ನನ್ನನ್ನೇ ನೋಡುತ್ತಿದ್ದರು.

"ಕೈ ನೋಡಬೇಡ," ಎಂದರು. "ಕಾಲು ನೋಡು."

ಚಾಚಿದ ಕಾಲಿನ ಹೆಬ್ಬೆರಳಿನಿಂದ ತೆಳ್ಳಗಿನ ಗೆರೆಯೊಂದು ಎಡಕ್ಕೆ ಹೋಗಿ ಚೌಕಟ್ಟಿನಲ್ಲಿ ಮುಗಿಯುತ್ತಿತ್ತು. ಬಣ್ಣ ಬಿರುಕು ಬಿಟ್ಟಿದೆ ಎಂದುಕೊಂಡಿದ್ದೆ.

"ದಾರ ಅದು. ಬಿಗಿಯಾಗಿ ಉಂಟು, ನೋಡು. ಬರ್ತಾ ಬರ್ತಾ ಸ್ವಲ್ಪ ಮೇಲಕ್ಕೆ ಹೋಗ್ತದೆ. ಅಂದರೆ ಆ ತುದಿಯಲ್ಲಿ ಏನೋ ನೇತಾಡ್ತಾ ಉಂಟು, ಅದಕ್ಕೆ ಭಾರವೂ ಉಂಟು. ತೊಟ್ಟಿಲು. ಇವಳು ಮಗುವನ್ನು ತೂಗ್ತಾ ಇದ್ದಾಳೆ."

ಅವರು ದೂರದ ಹೊಲದ ಕಡೆ ಬೆರಳು ಮಾಡಿದರು. ಕಟ್ಟು ಕಟ್ಟುವವರ ನಡುವೆ ಒಬ್ಬ ಹೆಂಗಸು ಮಾತ್ರ ಬೆನ್ನು ನೆಟ್ಟಗೆ ಮಾಡಿ ಈ ಕಡೆಗೆ ತಿರುಗಿ ನಿಂತಿದ್ದಳು. ಉಗುರಿನಷ್ಟು ದೊಡ್ಡ ಆಕೃತಿ, ಕೈ ಎದೆಯ ಮೇಲಿತ್ತು.

"ಅವಳಿಗೆ ಹಾಲು ಕಟ್ಟಿದೆ. ಯಾವಾಗ ಬರಲಿ ಅಂತ ಅವಳು ನೋಡ್ತಾ ಇದ್ದಾಳೆ, ಯಾವಾಗ ಬರ್ತಾಳೆ ಅಂತ ಇವಳು ನೋಡ್ತಾ ಇದ್ದಾಳೆ. ಇಷ್ಟನ್ನೂ ಬಿಡಿಸಿ ಇಟ್ಟಿದ್ದಾನೆ ಪುಣ್ಯಾತ್ಮ. ಕೆಳಗೆ ಸೋಮಾರಿ ಅಂತ ಬರೆದರೆ ಎಂತ ಮಾಡುವುದು?"

ಇದು ಅವರಿಗೆ ಹೇಗೆ ಗೊತ್ತು ಎಂದು ಆ ದಿನ ಕೇಳಲಿಲ್ಲ. ಕೇಳಿದ್ದು ನಾಲ್ಕನೇ ಭೇಟಿಯಲ್ಲಿ, ಮಾರ್ಚ್ ೯ರಂದು, ಫಿಕಾ, ಅಂದರೆ ಕಾಫಿ ಬಿಡುವಿನ ಸಮಯದಲ್ಲಿ. ಅವರ ಮನೆಯಲ್ಲಿ ಎಲ್ಲರೂ ಬೀಡಿ ಕಟ್ಟುತ್ತಿದ್ದರಂತೆ. ಏಳು ವರ್ಷಕ್ಕೇ ಇವರ ಮಡಿಲಿಗೂ ಎಲೆ, ಹೊಗೆಸೊಪ್ಪು ತುಂಬಿದ ಮೊರ ಬಂತು. ತಮ್ಮನ ಜೋಲಿ ತೊಲೆಗೆ ಕಟ್ಟಿತ್ತು. ಬೀಡಿ ಸುತ್ತಲು ಎರಡೂ ಕೈ ಬೇಕು, ತಮ್ಮನನ್ನು ತೂಗಲು ಇನ್ನೊಂದು ಕೈ ಬೇಕು. ಹಾಗಾಗಿ ಹಳೆಯ ಸೀರೆಯ ಅಂಚು ಹರಿದು, ಒಂದು ತುದಿಯನ್ನು ಜೋಲಿಗೆ, ಇನ್ನೊಂದನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಳ್ಳುತ್ತಿದ್ದರು. ಕೈ ಸುತ್ತುತ್ತಿತ್ತು, ಕಾಲು ತೂಗುತ್ತಿತ್ತು. ಹೀಗೆ ಮೂರು ತಮ್ಮಂದಿರು, ಒಬ್ಬಳು ತಂಗಿ.

"ಶಾಲೆಯಲ್ಲಿ ತೂಕಡಿಕೆ ಬರ್ತಿತ್ತು. ನಿದ್ದೆಯಲ್ಲೂ ಬೆಂಚಿನ ಕೆಳಗೆ ಕಾಲು ಆಡ್ತಾ ಇರ್ತಿತ್ತಂತೆ. ಮೇಷ್ಟ್ರು ಆ ಕಾಲಿಗೇ ಒಂದು ಕೊಟ್ಟು, ಕಡೇ ಬೆಂಚಿನಲ್ಲಿ ಕೂರಿಸಿದರು. ಸೋಮಾರಿ ಬೆಂಚು ಅಂತ ಅದಕ್ಕೆ ಹೆಸರು. ಎರಡು ವರ್ಷ ಅಲ್ಲೇ ಕೂತೆ. ಐದನೇ ಕ್ಲಾಸಿಗೆ ಹೋಗಲೇ ಇಲ್ಲ."

"ಹೇಳಬಹುದಿತ್ತಲ್ಲ ಆಂಟಿ, ಮನೇಲಿ ಹೀಗಿದೆ ಅಂತ?"

"ಎಂತ ಹೇಳುವುದು? ಮಗು ತೂಗುವುದು ಕೆಲಸ ಅಂತ ನನಗೇ ಗೊತ್ತಿರಲಿಲ್ಲ."

ಬನ್ನಿನ ಮೇಲಿನ ಸಕ್ಕರೆ ಕೊಡವಿ ತಿಂದರು. ದುಃಖವೇನೂ ಕಾಣಲಿಲ್ಲ. "ಸೋಮಾರಿ ಬೆಂಚಿನಲ್ಲಿ ಗಾಳಿ ಚೆನ್ನಾಗಿ ಬರ್ತಿತ್ತು" ಎಂದು ಸೇರಿಸಿದರು.

ಆ ಕಾಲು ಈಗಲೂ ನಿಂತಿಲ್ಲವೆಂದು ಅವತ್ತೇ ಗಮನಿಸಿದೆ. ಕುರ್ಚಿಯಲ್ಲಿ ಕೂತು ಕೋಣೆ ಕಾಯುವಾಗ ಬಲಗಾಲು ತನ್ನಷ್ಟಕ್ಕೆ ಹಿಂದೆ ಮುಂದೆ ಆಡುತ್ತಿತ್ತು. ಗಡಿಯಾರ ಹಿಡಿದು ಎಣಿಸಿದ್ದೇನೆ, ನಿಮಿಷಕ್ಕೆ ಮೂವತ್ತಾರು. ಜನ ಹೆಚ್ಚಿದ್ದರೆ ನಲವತ್ತು.

ಹನ್ನೊಂದು ವರ್ಷದಲ್ಲಿ ಆ ಫಲಕದ ಬಗ್ಗೆ ಅವರು ಸಂಗ್ರಹದ ಮೇಲ್ವಿಚಾರಕಿಗೆ ಮೂರು ಸಲ ಹೇಳಿದ್ದರು. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಆಕೆ ಉಲ್ಲಾ. ಮೂರು ಸಲವೂ ಉಲ್ಲಾ ಗಮನವಿಟ್ಟು ಕೇಳಿ, "ಕುತೂಹಲಕರವಾಗಿದೆ" ಎಂದಿದ್ದಳಂತೆ. ಈ ದೇಶದಲ್ಲಿ ಹಾಗೆಂದರೆ ಮಾತು ಮುಗಿಯಿತು ಎಂದರ್ಥ.

"ಅಕ್ಟೋಬರಿಗೆ ನನ್ನ ಸರ್ವಿಸು ಮುಗೀತದೆ," ಎಂದರು ಏಪ್ರಿಲ್‌ನ ಒಂದು ಭಾನುವಾರ. "ಆಮೇಲೆ ಇವಳ ಪರವಾಗಿ ಹೇಳುವವರು ಯಾರೂ ಇಲ್ಲ. ನೀನು ಎಣಿಸುವವಳಲ್ವಾ? ಏನಾದರೂ ಎಣಿಸು."

ಎಣಿಸಿದೆ. ಮೇ ೪ರಿಂದ ಜುಲೈ ೧೩ರವರೆಗೆ ಹನ್ನೊಂದು ಭಾನುವಾರ ಏಳನೇ ಚಿತ್ರದೆದುರಿನ ಬೆಂಚಿನಲ್ಲಿ ಕೂತು, ಅಲ್ಲಿ ನಿಂತವರನ್ನೆಲ್ಲ ಒಂದೇ ಪ್ರಶ್ನೆ ಕೇಳಿದೆ. ಈ ಹುಡುಗಿ ಏನು ಮಾಡುತ್ತಿದ್ದಾಳೆ? ನಿಂತವರು ನೂರ ನಲವತ್ತಮೂರು. ವಿಶ್ರಾಂತಿ ಎಂದವರು ಎಪ್ಪತ್ತೊಂದು, ಏನೂ ಮಾಡುತ್ತಿಲ್ಲ ಎಂದವರು ಮೂವತ್ತೆಂಟು, ಯಾರಿಗೋ ಕಾಯುತ್ತಿದ್ದಾಳೆ ಎಂದವರು ಇಪ್ಪತ್ತೆರಡು, ಆಟ ಎಂದವರು ಒಂಬತ್ತು, ಗೊತ್ತಿಲ್ಲ ಎಂದವರು ಮೂವರು. ತೊಟ್ಟಿಲು ಎಂದವರು ಒಬ್ಬರೂ ಇಲ್ಲ.

ಜೂನ್ ೧೫ರ ಒಂದು ಉತ್ತರವನ್ನು ಬೇರೆಯಾಗಿ ಬರೆದಿಟ್ಟುಕೊಂಡಿದ್ದೇನೆ. ಮಗು ನೋಡಿಕೊಳ್ಳಲು ರಜೆ ಹಾಕಿದ್ದ ಎತ್ತರದ ತಂದೆಯೊಬ್ಬ ತಳ್ಳುಗಾಡಿಯೊಂದಿಗೆ ಬಂದ. ಒಂದು ಕೈಯಲ್ಲಿ ಕಾಫಿಯಿತ್ತು. ಅದನ್ನು ಹೊರಗಿಟ್ಟು ಬನ್ನಿ ಎಂದರು ಆಂಟಿ. ಇಟ್ಟು ಬಂದ. ಗಾಡಿಯಲ್ಲಿ ಮಗು ಕೊಸರಾಡಿತು. ಅವನು ಚಿತ್ರ ನೋಡುತ್ತಲೇ ಗಾಡಿಯ ಚಕ್ರಕ್ಕೆ ಕಾಲು ಕೊಟ್ಟು ಹಿಂದೆ ಮುಂದೆ ಆಡಿಸತೊಡಗಿದ. ನಾನು ಪ್ರಶ್ನೆ ಕೇಳಿದೆ.

"ಏನೂ ಮಾಡ್ತಿಲ್ಲ, ಸುಮ್ಮನೆ ಕೂತಿದ್ದಾಳೆ" ಎಂದ. ಕಾಲು ಆಡುತ್ತಲೇ ಇತ್ತು.

ನಾನು ಆಂಟಿಯ ಮುಖ ನೋಡಿದೆ. ಬಂದವರ ಮಾತಿಗೆ ಎದುರಾಡಬಾರದು ಎಂಬುದು ಕಾವಲಿನವರಿಗೆ ನಿಯಮ. ಅವರು ತುಟಿ ಬಿಗಿಹಿಡಿದು ಕಿಟಕಿಯ ಕಡೆ ತಿರುಗಿದರು. ನಗುವಿಗೆ ಹೆಗಲು ಕುಲುಕುತ್ತಿತ್ತು. ಅವನು ಹೋದ ಮೇಲೆ ಕಣ್ಣೊರೆಸಿಕೊಂಡು ಕೇಳಿದರು.

"ಅವನನ್ನು ಯಾವ ಪಟ್ಟಿಗೆ ಹಾಕಿದೆ?"

"ಏನೂ ಮಾಡ್ತಿಲ್ಲ ಅಂದ್ರಲ್ಲ. ಅಲ್ಲಿಗೇ."

"ಅವನ ಕಾಲನ್ನು?"

"ಅದಕ್ಕೆ ಪಟ್ಟಿ ಇಲ್ಲ ಆಂಟಿ."

"ಅಲ್ಲೇ ಇರೋದು ನೋಡು ತಪ್ಪು."

ನಾನು ಅದನ್ನು ತಮಾಷೆಯೆಂದುಕೊಂಡೆ. ಆಗಸ್ಟ್ ೧೯ರಂದು ನಾಲ್ಕು ಪುಟದ ಕೋಷ್ಟಕ ಮಾಡಿಕೊಂಡು ಉಲ್ಲಾಳ ಎದುರು ಕೂತೆ. ಆಂಟಿ ಪಕ್ಕದಲ್ಲಿದ್ದರು. ಉಲ್ಲಾ ಪ್ರತಿ ಸಾಲನ್ನೂ ಓದಿದಳು. ಕನ್ನಡಕ ತೆಗೆದು, ಬಹಳ ಮೃದುವಾಗಿ, "ಇದರ ಪ್ರಕಾರ ನಮ್ಮ ಫಲಕ ಸರಿಯಾಗಿದೆಯಲ್ಲ?" ಎಂದಳು. "ವಿಶ್ರಾಂತಿ, ಏನೂ ಇಲ್ಲ, ಎರಡೂ ಸೇರಿ ನೂರ ಒಂಬತ್ತು ಜನ."

ಅವಳು ಹೇಳಿದ್ದು ಸರಿ. ಜನರಿಗೆ ದಾರ ಕಾಣುವುದಿಲ್ಲ ಎಂದು ತೋರಿಸಲು ಹೊರಟ ನಾನು, ಹುಡುಗಿ ಸೋಮಾರಿ ಎಂದು ನೂರ ಒಂಬತ್ತು ಸಾಕ್ಷಿಗಳನ್ನು ಕಲೆಹಾಕಿ ಅಚ್ಚುಕಟ್ಟಾಗಿ ಕೊಟ್ಟಿದ್ದೆ. ಹನ್ನೊಂದು ವರ್ಷ ಅವರು ಕಾದದ್ದನ್ನು ಹನ್ನೊಂದು ಭಾನುವಾರದಲ್ಲಿ ಕೆಡಿಸಿದೆ. ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಹತ್ತಿರ ಕೋಷ್ಟಕವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ತುರುಕಿದೆ.

"ಎಣಿಸಿದ್ದು ಸರಿಯಾಗಿಯೇ ಉಂಟು," ಎಂದರು ಆಂಟಿ. "ನಮ್ಮ ಮೇಷ್ಟ್ರ ಹಾಜರಿಯೂ ಸರಿಯಾಗಿಯೇ ಇರ್ತಿತ್ತು. ಬಾ, ಬಸ್ಸು ಬಂತು."

ಆ ದಿನದ ಪುಟದಲ್ಲಿ ಇಷ್ಟನ್ನು ಬಿಟ್ಟು ಬೇರೇನೂ ಬರೆದಿಲ್ಲ.

ಸೆಪ್ಟೆಂಬರಿನಲ್ಲಿ ಕೊಮ್ಯೂನಿನಿಂದ, ಅಂದರೆ ನಮ್ಮ ನಗರಸಭೆಯಂಥ ಕಚೇರಿಯಿಂದ, ಪತ್ರ ಬಂತು. ಮ್ಯೂಸಿಯಮ್ಮಿನ ಛಾವಣಿ ರಿಪೇರಿಗಾಗಿ ಆ ಕೋಣೆ ಚಳಿಗಾಲವಿಡೀ ಮುಚ್ಚುತ್ತದೆ, ಚಿತ್ರಗಳನ್ನೆಲ್ಲ ಕಟ್ಟಿ ಉಗ್ರಾಣಕ್ಕೆ ಸಾಗಿಸುತ್ತಾರೆ ಎಂದು. ಕಟ್ಟುವ ದಿನ ಅಕ್ಟೋಬರ್ ೩, ಶುಕ್ರವಾರ. ಆಂಟಿಯ ಕೊನೆಯ ದಿನವೂ ಅದೇ.

ಬೀಳ್ಕೊಡುಗೆಯ ಫಿಕಾ ಮೂರು ಗಂಟೆಗಿತ್ತು. ಹಸಿರು ಕೇಕು, ಹೂಗುಚ್ಛ, ಒಂಬತ್ತು ಜನ. ನನ್ನನ್ನೂ ಕರೆದಿದ್ದರು. ಮೂರೂಕಾಲಿಗೆ ಉಲ್ಲಾ ಚಿಕ್ಕ ಭಾಷಣ ಮುಗಿಸಿ ತಿರುಗಿದರೆ ಆಂಟಿಯ ಕುರ್ಚಿ ಖಾಲಿ. ಕೋಣೆಗೆ ಹೋಗಿದ್ದರು. ಕಟ್ಟುವವರು ಆರನೆಯ ಚಿತ್ರ ಮುಗಿಸಿ ಏಳಕ್ಕೆ ಕೈ ಹಾಕಿದ್ದರು. ನಾವೆಲ್ಲ ಕೇಕಿನ ತಟ್ಟೆ ಹಿಡಿದುಕೊಂಡೇ ಹಿಂದೆ ಹೋದೆವು.

ಚೌಕಟ್ಟು ಶಿಥಿಲವಾಗಿದ್ದುದರಿಂದ ಅದನ್ನು ಬೇರೆಯಾಗಿ ಕಟ್ಟಬೇಕಾಗಿತ್ತು. ಒಬ್ಬ ಚಿತ್ರವನ್ನು ಮೇಜಿನ ಮೇಲೆ ಮಗುಚಿ, ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಚಿತ್ರವನ್ನು ಚೌಕಟ್ಟಿನಿಂದ ಎತ್ತಿ ನಿಲ್ಲಿಸಿದ. ಕ್ಯಾನ್ವಾಸಿನ ಎಡಗಡೆ ನಾಲ್ಕು ಬೆರಳಗಲ ಅದನ್ನು ಬಿಗಿದಿದ್ದ ಮರದ ಪಟ್ಟಿಯ ಪಕ್ಕಕ್ಕೂ ಹಿಂದಕ್ಕೂ ಮಡಚಿಕೊಂಡಿತ್ತು. ಯಾರೋ ಒಂದು ಕಾಲದಲ್ಲಿ ಕೈಗೆ ಸಿಕ್ಕ ಚೌಕಟ್ಟಿಗೆ ಹೊಂದಿಸಲು ಚಿತ್ರವನ್ನೇ ಮಡಚಿ ಮೊಳೆ ಹೊಡೆದಿದ್ದರು. ಮಡಚಿದ ಭಾಗದ ಮೇಲೂ ಬಣ್ಣವಿತ್ತು.

ಉಲ್ಲಾ ತಟ್ಟೆ ಕಿಟಕಿಯ ಮೇಲಿಟ್ಟು ಬಗ್ಗಿ ನೋಡಿದಳು. ನಾವೂ ನೋಡಿದೆವು. ಹೆಬ್ಬೆರಳಿನಿಂದ ಹೊರಟ ದಾರ ಅಂಚು ದಾಟಿ ಪಕ್ಕಕ್ಕೆ ತಿರುಗಿ, ಮರದ ಕೊಂಬೆಯಿಂದ ಇಳಿಬಿದ್ದ ಹೆಣೆದ ಬುಟ್ಟಿಯೊಂದರ ಅಂಚಿನಲ್ಲಿ ಗಂಟಾಗಿ ಮುಗಿದಿತ್ತು. ಬುಟ್ಟಿಯಿಂದ ಬಿಳಿ ಬಟ್ಟೆಯ ತುದಿ ಹೊರಗೆ ಚಾಚಿತ್ತು. ಮಗು ಕಾಣುತ್ತಿರಲಿಲ್ಲ.

ಉಲ್ಲಾ ನೆಟ್ಟಗೆ ನಿಂತಳು. ಕುತೂಹಲಕರ ಎನ್ನುತ್ತಾಳೆಂದು ಕಾದೆ. ಅವಳು ಆಂಟಿಯ ಕಡೆ ತಿರುಗಿ, ಈ ದೇಶದಲ್ಲಿ ಕೆಲಸದ ಜಾಗದಲ್ಲಿ ನಾನು ಅಪರೂಪಕ್ಕೆ ಕೇಳಿದ ಮಾತು ಹೇಳಿದಳು. "ಕ್ಷಮಿಸು."

ಆಂಟಿ ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಬಗ್ಗಿ ಗಂಟನ್ನೇ ನೋಡುತ್ತಿದ್ದರು.

"ಜಾರುಗಂಟು ಹಾಕಿದ್ದಾಳೆ," ಎಂದರು ನನಗೆ, ಕನ್ನಡದಲ್ಲಿ. "ಅರ್ಜೆಂಟಿಗೆ ಎದ್ದು ಓಡಬೇಕಾದರೆ ಅದರ ತುದಿ ಎಳೆದ ಕೂಡಲೇ ಬಿಚ್ಚಿಕೊಳ್ತದೆ, ತೊಟ್ಟಿಲು ಕುಲುಕುವುದಿಲ್ಲ. ಜಾಣೆ." ಸೊಂಟ ನೆಟ್ಟಗೆ ಮಾಡಿ, "ನಾನು ಇದನ್ನು ಕಲಿತದ್ದು ಎರಡನೇ ತಮ್ಮ ಹುಟ್ಟಿದ ಮೇಲೆ" ಎಂದರು.

ಆಮೇಲೆ ಹೋಗಿ ಕೇಕು ತಿಂದರು. ಎರಡು ತುಂಡು.

ಕೋಣೆ ಮತ್ತೆ ತೆರೆಯುವುದು ವಸಂತಕ್ಕೆ. ಆಗ ಚಿತ್ರ ಮಡಿಕೆ ಬಿಚ್ಚಿ, ಪೂರ್ತಿ ಅಗಲವಾಗಿ ನಿಲ್ಲುತ್ತದೆ. ಹೊಸ ಫಲಕಕ್ಕೆ ಏನು ಬರೆಯಲಿ ಎಂದು ಉಲ್ಲಾ ಆಂಟಿಯನ್ನೇ ಕೇಳಿದಳು. "ಒಂದು ಪದ ತೆಗೆಯಿರಿ, ಸಾಕು" ಎಂದರು ಇವರು. ಹಾಗಾಗಿ ಫಲಕದಲ್ಲಿ ಇನ್ನು "ಹುಡುಗಿ" ಎಂದಷ್ಟೇ ಇರುತ್ತದೆ. ಅದರ ಕೆಳಗೆ, ಕಾಲು ನೋಡಿ ಎಂದು ಚಿಕ್ಕ ಅಕ್ಷರದಲ್ಲಿ ಒಂದು ಸಾಲು. ಅದು ಉಲ್ಲಾ ಸೇರಿಸಿದ್ದು.

ಈಗ ಆಂಟಿ ಮೋಲ್ನ್‌ಡಾಲ್‌ನಲ್ಲಿ, ಔಷಧಿ ಪ್ರಯೋಗಾಲಯದಲ್ಲಿರುವ ಮಗಳ ಮನೆಯ ಹತ್ತಿರ ಇದ್ದಾರೆ. ಮೊಮ್ಮಗಳನ್ನು ದಾಗಿಸ್‌ಗೆ, ನಮ್ಮ ಶಿಶುವಿಹಾರಕ್ಕೆ, ಬಿಟ್ಟು ಕರೆತರುತ್ತಾರೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಸ್ವೀಡಿಷಿನಲ್ಲಿ ಉತ್ತರ ಕೊಡುತ್ತಾಳಂತೆ. "ಕೊಡ್ತಾಳಲ್ಲ, ಸಾಕು" ಎನ್ನುತ್ತಾರೆ. ನವೆಂಬರ್ ೨ರಂದು ಹೋಗಿ ನೋಡಿಬಂದೆ. ಸೋಫಾದಲ್ಲಿ ಕೂತು ಮಾತಾಡುತ್ತಿದ್ದಾಗ ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ನಿಮಿಷಕ್ಕೆ ಮೂವತ್ತಾರು.

ಗಂಟೆ ೩.೪೦ ಆಯಿತು. ಹೊರಗೆ ಬೆಳಕು ಇಳಿಯುತ್ತಿದೆ. ಇನ್ನೊಂದು ವಿಷಯ ಉಳಿದಿದೆ. ಈ ಲೇಖನ ಬರೆದದ್ದೂ ಅದಕ್ಕಾಗಿಯೇ.

ಏಳನೇ ಚಿತ್ರದ ಪಕ್ಕದಲ್ಲಿ ಅದೇ ಅಳತೆಯ ಜಾಗವನ್ನು ಉಲ್ಲಾ ಖಾಲಿ ಬಿಡಲಿದ್ದಾಳೆ. ಬೀಡಿ ಕಟ್ಟುತ್ತ ಕಾಲಿನಲ್ಲಿ ತೊಟ್ಟಿಲು ತೂಗುವ ಹುಡುಗಿಯ ಫೋಟೊ ಒಂದು ಅಲ್ಲಿರಬೇಕು ಎಂಬುದು ಅವಳ ಆಸೆ. ಆಂಟಿಯ ಫೋಟೊ ಕೇಳಿದಳು. ಅವರ ಹತ್ತಿರ ಮದುವೆಗೆ ಮುಂಚಿನ ಒಂದು ಫೋಟೊವೂ ಇಲ್ಲ. ಚಿತ್ರದ ಹುಡುಗಿಯನ್ನಾದರೂ ಯಾರೋ ಹೊಲದಂಚಿಗೆ ಬಂದು ನಿಂತು ನೋಡಿದರು. ಇವರನ್ನು ಹಾಗೆ ಯಾರೂ ನೋಡಿಲ್ಲ.

ಇದುವರೆಗೆ ಹದಿನೇಳು ಮನೆಗಳವರನ್ನು ವಿಚಾರಿಸಿದ್ದೇನೆ. ಮೊರವೊಂದೇ ಇರುವ ಫೋಟೊ ಎರಡು ಸಿಕ್ಕವು, ಜೋಲಿಯೊಂದೇ ಇರುವುದು ಒಂದು. ಎರಡೂ ಒಟ್ಟಿಗಿರುವುದು ಸಿಕ್ಕಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ, ಅಥವಾ ಊರಿನಲ್ಲಿರುವ ನಿಮ್ಮ ಅಜ್ಜಿ, ಅತ್ತೆ, ದೊಡ್ಡಮ್ಮನ ಪೆಟ್ಟಿಗೆಯಲ್ಲಿ ಅಂಥದ್ದೊಂದು ಇದ್ದರೆ ಈ ಸಂಚಿಕೆಯ ಸಂಪಾದಕರಿಗೆ ಬರೆಯಿರಿ, ನನಗೆ ತಲುಪುತ್ತದೆ. ಹಳತಾಗಿದ್ದರೂ, ಹರಿದಿದ್ದರೂ ನಡೆಯುತ್ತದೆ. ಮುಖ ಮಸುಕಾಗಿದ್ದರೂ, ಕೈ ಕಾಣದಿದ್ದರೂ ಚಿಂತೆಯಿಲ್ಲ. ಕಾಲು ಕಾಣಬೇಕು.